ಮಳೆಗಿಂತ ಹದಿನೈದು ದಿನ ಮುಂದೆ: ಬಯಲುಸೀಮೆಯ ಮನೆಗೊಂದು ವರ್ಷಪೂರ್ತಿ ಕೈತೋಟ

ಕೈತೋಟ ಮಾಡಬೇಕೆಂಬ ಆಸೆ ಬಹಳಷ್ಟು ಜನರಲ್ಲಿ ಹುಟ್ಟುವುದು ಜೂನ್ ತಿಂಗಳಲ್ಲಿ, ನಾಲ್ಕು ಮಳೆ ಬಿದ್ದು ಊರೆಲ್ಲ ಹಸಿರಾದ ಮೇಲೆ. ಅಷ್ಟು ಹೊತ್ತಿಗೆ ಹಿತ್ತಲಿನ ಮಣ್ಣು ಕೆಸರಾಗಿ ಅಗೆಯಲು ಬಾರದಂತಾಗಿರುತ್ತದೆ, ಗೊಬ್ಬರ ಮಾಗಿರುವುದಿಲ್ಲ, ಸಸಿ ಮಾಡಿಕೊಳ್ಳುವ ಕಾಲವೂ ದಾಟಿರುತ್ತದೆ. ಕೊನೆಗೆ ಕಂಡ ಸಸಿಗಳನ್ನೆಲ್ಲ ಹಣ ಕೊಟ್ಟು ತಂದು, ಸಿದ್ಧವಿಲ್ಲದ ಮಣ್ಣಿಗೆ ಊರಿ, ಆಗಸ್ಟ್ ಮುಗಿಯುವ ಮುನ್ನ ಕೈಬಿಡುತ್ತಾರೆ. ತೋಟ ಸೊರಗುವುದಕ್ಕೆ ಹುಳ, ರೋಗ, ಕೈಗುಣ ಎಂದು ನಾವು ಕೊಡುವ ಕಾರಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನಿಜವಾಗಿ ಕಾಲ ತಪ್ಪಿದ್ದರ ಫಲ. ಆದ್ದರಿಂದ ಈ ಲೇಖನ ಯಾವ ಗಿಡಕ್ಕೆ ಎಷ್ಟು ಗೊಬ್ಬರ ಎಂಬುದಕ್ಕಿಂತ ಯಾವ ಕೆಲಸವನ್ನು ಯಾವಾಗ ಮಾಡಬೇಕು ಎಂಬುದಕ್ಕೆ ಹೆಚ್ಚು ಜಾಗ ಕೊಡುತ್ತದೆ.

ಇಲ್ಲಿ ಹೇಳುವ ತಿಂಗಳುಗಳು ಬೆಂಗಳೂರು, ಕೋಲಾರ, ತುಮಕೂರು, ಮಂಡ್ಯ, ಮೈಸೂರುಗಳಿರುವ ದಕ್ಷಿಣದ ಬಯಲುಸೀಮೆಗೆ ಹೊಂದುತ್ತವೆ. ಈ ಸೀಮೆಯ ಮಳೆಗೆ ಎರಡು ತುದಿಗಳಿವೆ. ಏಪ್ರಿಲ್ ಕೊನೆಯಿಂದ ಮೇ ತಿಂಗಳವರೆಗೆ ಸಂಜೆಯ ಗುಡುಗುಮಳೆ ಬರುತ್ತದೆ. ಜೂನ್, ಜುಲೈಗಳು ಮೋಡ, ಗಾಳಿ, ಸೋನೆಯಲ್ಲಿ ಕಳೆಯುತ್ತವೆ. ಬಿರುಸಿನ ಮಳೆ ಸುರಿಯುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಕಾಣುವ ಕರಾವಳಿಯವರು ಮಳೆಗಾಲದ ಹೀರೆ, ಬೆಂಡೆ, ಸೌತೆಗಳನ್ನು ಎತ್ತರದ ದಿಬ್ಬದ ಮೇಲೆ ಬೆಳೆದು, ಸೊಪ್ಪು, ಬದನೆಗಳನ್ನು ಮಳೆ ನಿಂತ ಮೇಲೆ ಹಾಕುತ್ತಾರಾದ್ದರಿಂದ ಅವರ ಲೆಕ್ಕವೇ ಬೇರೆ.

ನಮ್ಮ ಹಿರಿಯರು ಈ ಲೆಕ್ಕವನ್ನು ಮಳೆ ನಕ್ಷತ್ರಗಳಲ್ಲಿ ಇಟ್ಟುಕೊಂಡಿದ್ದರು. ಏಪ್ರಿಲ್ ನಡುವೆ ಅಶ್ವಿನಿ, ಆಮೇಲೆ ಭರಣಿ, ಕೃತ್ತಿಕೆ, ಮೇ ಕೊನೆಯ ವಾರಕ್ಕೆ ರೋಹಿಣಿ, ಜೂನ್ ಎರಡನೆಯ ವಾರದಿಂದ ಮೃಗಶಿರ, ಅನಂತರ ಆರಿದ್ರಾ ಎಂದು ಹದಿಮೂರು ಹದಿನಾಲ್ಕು ದಿನಕ್ಕೊಂದರಂತೆ ಇವು ಸಾಗುತ್ತವೆ. ನಕ್ಷತ್ರ ಬಂದ ಮಾತ್ರಕ್ಕೆ ಮಳೆ ಬರುತ್ತದೆಂದು ನಂಬಬೇಕಾಗಿಲ್ಲ. ಆದರೆ ವರ್ಷವನ್ನು ಹದಿನೈದು ದಿನಗಳ ತುಂಡುಗಳಾಗಿ ನೋಡುವ ಈ ಕ್ರಮ ತೋಟದವರಿಗೆ ತಿಂಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಬೀಜ ಮೊಳೆತು ಕಳೆ ಕೀಳುವ ಹಂತಕ್ಕೆ ಬರುವುದಕ್ಕೂ, ಚಿವುಟಿದ ಕುಡಿ ಮತ್ತೆ ಕವಲೊಡೆಯುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ದಿನ ಬೇಕು. ನಾನು ಇಟ್ಟುಕೊಂಡಿರುವ ಕಟ್ಟುಪಾಡು ಒಂದೇ: ಬರಲಿರುವ ಹದಕ್ಕೆ ಬೇಕಾದ ಕೆಲಸ ಅದಕ್ಕಿಂತ ಒಂದು ನಕ್ಷತ್ರ ಮುಂಚೆಯೇ ಮುಗಿದಿರಬೇಕು.

ಮೊದಲು ಬಿಸಿಲನ್ನು ಅಳೆಯಿರಿ

ಗುದ್ದಲಿ ಹಿಡಿಯುವ ಮುನ್ನ ಒಂದು ರಜೆಯ ದಿನ ಬೆಳಗ್ಗೆ ಎಂಟು, ಹನ್ನೊಂದು, ಎರಡು ಮತ್ತು ನಾಲ್ಕು ಗಂಟೆಗೆ ಹಿತ್ತಲನ್ನೋ ಮಹಡಿಯನ್ನೋ ನೋಡಿ, ಬಿಸಿಲು ಬೀಳುವ ಜಾಗಕ್ಕೆ ಸುಣ್ಣದಲ್ಲಿ ಗುರುತು ಹಾಕಿ. ಕಾಯಿ ಬಿಡುವ ತರಕಾರಿಗಳಿಗೆ ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು; ಸೊಪ್ಪುಗಳು ನಾಲ್ಕು ಗಂಟೆಯಲ್ಲಿ ಬದುಕುತ್ತವೆ; ಒಂದೆಲಗ, ದೊಡ್ಡಪತ್ರೆ, ವೀಳ್ಯದೆಲೆಗಳಿಗೆ ಅರೆನೆರಳೇ ಲೇಸು. ಸೂರ್ಯ ದಕ್ಷಿಣಕ್ಕೆ ವಾಲುವ ಡಿಸೆಂಬರ್‌ನಲ್ಲಿ ಮನೆಯ ಉತ್ತರ ಬದಿಯ ಜಾಗ ಪೂರ್ತಿ ನೆರಳಾಗುವುದನ್ನು ಮರೆಯಬಾರದು. ಮೇ ತಿಂಗಳಲ್ಲಿ ಬಿಸಿಲು ಚೆನ್ನಾಗಿದೆಯೆಂದು ಅಲ್ಲಿ ಮಾಡಿದ ಮಡಿ ಚಳಿಗಾಲದ ತರಕಾರಿಗೆ ಕೆಲಸಕ್ಕೆ ಬರುವುದಿಲ್ಲ.

ಮಹಡಿಯ ಮೇಲೆ ತೋಟ ಮಾಡುವವರು ಭಾರದ ಲೆಕ್ಕ ಹಾಕಲೇಬೇಕು. ಉದ್ದ, ಅಗಲ, ಆಳ ಮೂರೂ ಒಂದೊಂದು ಅಡಿಯಿರುವ ಕುಂಡದ ಮಣ್ಣು ನೀರು ಕುಡಿದಾಗ ಸುಮಾರು 45 ಕಿಲೋ ತೂಗುತ್ತದೆ. ಆದ್ದರಿಂದ ಮಹಡಿಗೆ ಬರೀ ಮಣ್ಣಿನ ಬದಲು ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ತೊಳೆದ ತೆಂಗಿನ ನಾರಿನ ಪುಡಿ, ಒಂದು ಪಾಲು ಕಾಂಪೋಸ್ಟ್ ಅಥವಾ ಎರೆಗೊಬ್ಬರ ಎಂಬ ಮಿಶ್ರಣ ಹೊಂದುತ್ತದೆ. ಕುಂಡಗಳನ್ನು ತಾರಸಿಯ ನಡುವೆ ಗುಂಪಾಗಿ ಇಡದೆ, ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ, ಇಟ್ಟಿಗೆಯ ಮೇಲೆ ಎತ್ತರಿಸಿ ಇಡಬೇಕು. ಅಡಿಯಲ್ಲಿ ಗಾಳಿಯಾಡದಿದ್ದರೆ ಮೊದಲು ಹಾಳಾಗುವುದು ತಾರಸಿ, ಆಮೇಲೆ ಗಿಡ.

ಏಪ್ರಿಲ್: ಮಣ್ಣಿನ ತಿಂಗಳು

ತೋಟದ ವರ್ಷ ಯುಗಾದಿಗೆ ಶುರುವಾಗುತ್ತದೆ. ಆಗ ಬಿತ್ತುವುದಕ್ಕೆ ಹೆಚ್ಚೇನೂ ಇರುವುದಿಲ್ಲ, ಹಾಗಾಗಿ ಮಣ್ಣಿಗೆ ಕೈ ಹಾಕಲು ಇದಕ್ಕಿಂತ ಒಳ್ಳೆಯ ಬಿಡುವು ಸಿಗದು. ಹಳೆಯ ಗಿಡಗಳನ್ನು ಬೇರುಸಹಿತ ತೆಗೆದು, ಮಡಿಯನ್ನು ಒಂದು ಅಡಿ ಆಳಕ್ಕೆ ಅಗೆದು, ಹೆಂಟೆಗಳನ್ನು ಒಡೆಯದೆ ಹಾಗೆಯೇ ಬಿಸಿಲಿಗೆ ಬಿಡಿ. ಹಿಂದಿನ ವರ್ಷ ಟೊಮೆಟೊ, ಬದನೆ, ಬೆಂಡೆಯ ಬೇರುಗಳಲ್ಲಿ ಗಂಟುಗಳು ಕಂಡಿದ್ದರೆ ಅದು ಬೇರುಗಂಟು ಜಂತುಹುಳುವಿನ ಕೆಲಸ. ಅಂಥ ಮಡಿಯನ್ನು ಸಮ ಮಾಡಿ, ನೀರು ಹನಿಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ, ಅಂಚುಗಳಿಗೆ ಮಣ್ಣು ಹಾಕಿ ನಾಲ್ಕರಿಂದ ಆರು ವಾರ ಬಿಟ್ಟರೆ ಒಳಗಿನ ಕಾವಿಗೆ ಹುಳು, ಶಿಲೀಂಧ್ರ, ಕಳೆಬೀಜಗಳೆಲ್ಲ ಬಹುಮಟ್ಟಿಗೆ ಸಾಯುತ್ತವೆ. ಕಪ್ಪು ಹಾಳೆಯಲ್ಲಿ ಕಾವು ಅಷ್ಟು ಆಳಕ್ಕೆ ಇಳಿಯುವುದಿಲ್ಲ.

ಭರಣಿಯ ಮೊದಲ ಮಳೆ ಬಿದ್ದ ಮೇಲೆ, ಕೈಯಲ್ಲಿ ಹಿಡಿದ ಮಣ್ಣು ಉಂಡೆಯಾಗಿ, ಬೆರಳಿನಿಂದ ತಟ್ಟಿದರೆ ಉದುರುವಂತಿದ್ದಾಗ, ಮಡಿ ಕಟ್ಟಬೇಕು. ಅಗಲ ಮೂರಡಿ ಮೀರಬಾರದು, ಎರಡೂ ಬದಿಯಿಂದ ಕೈ ಚಾಚಿ ನಡುವಿನವರೆಗೆ ತಲುಪುವಂತಿರಬೇಕು. ಎತ್ತರ ಅರ್ಧ ಅಡಿಯಿಂದ ಮುಕ್ಕಾಲು ಅಡಿ ಇರಲಿ. ಬೇಸಿಗೆಯಲ್ಲಿ ತಗ್ಗಿನ ಪಾತಿ, ಮಳೆಗಾಲದಲ್ಲಿ ಏರುಮಡಿ ಎಂಬುದು ಹಳೆಯ ಕ್ರಮ. ಪ್ರತಿ ಚದರ ಮೀಟರಿಗೆ ಎರಡೂವರೆ ಕಿಲೋದಷ್ಟು ಪೂರ್ತಿ ಕಳಿತ ತಿಪ್ಪೆಗೊಬ್ಬರ ಸಾಕು. ಅದರ ಜೊತೆ ಒಂದೆರಡು ಹಿಡಿ ಬೇವಿನ ಹಿಂಡಿ ಸೇರಿಸಿ. ರೋಗದ ಶಿಲೀಂಧ್ರಗಳನ್ನು ತಡೆಯುವ ಉಪಕಾರಿ ಶಿಲೀಂಧ್ರವಾದ ಟ್ರೈಕೋಡರ್ಮಾದ ಪುಡಿ ಸಿಕ್ಕರೆ ಒಂದು ಕಿಲೋ ಗೊಬ್ಬರಕ್ಕೆ 10 ಗ್ರಾಂನಂತೆ ಬೆರೆಸಿ, ನೀರು ಚಿಮುಕಿಸಿ, ಗೋಣಿ ಮುಚ್ಚಿ ನೆರಳಿನಲ್ಲಿ ವಾರವೊಂದು ಇಟ್ಟು ಹಾಕಿದರೆ ಸಸಿಗಳ ಬುಡಕೊಳೆ ಕಡಿಮೆಯಾಗುತ್ತದೆ.

ಕಳಿತ ಗೊಬ್ಬರವೆಂದು ಒತ್ತಿ ಹೇಳುವುದಕ್ಕೆ ನನ್ನದೇ ಕಾರಣವಿದೆ. ಒಮ್ಮೆ ಪರಿಚಯದ ಕೊಟ್ಟಿಗೆಯೊಂದರಿಂದ ಅರೆಬರೆ ಕಳಿತ ಗೊಬ್ಬರ ತಂದು ಸೇವಂತಿಗೆ ಮಡಿಗೆ ಹಾಕಿದೆ. ಗಿಡಗಳು ಆಗಸ್ಟ್‌ನಲ್ಲಿ ಒಂದೊಂದಾಗಿ ಬಾಡಿದವು. ನೀರು ಸಾಲದೆಂದು ಮತ್ತಷ್ಟು ನೀರು ಹಾಕಿದೆ. ಕೊನೆಗೊಂದನ್ನು ಎಳೆದರೆ ಬೇರೇ ಇಲ್ಲದೆ ಕೈಗೆ ಬಂತು, ಕೆಳಗೆ ಗೊಬ್ಬರದ ಜೊತೆ ಬಂದಿದ್ದ ಗೊಣ್ಣೆಹುಳುಗಳು ಬಿಳಿಯಾಗಿ ಸುರುಟಿಕೊಂಡು ಮಲಗಿದ್ದವು. ಮೂಸಿದರೆ ಸಗಣಿಯ ವಾಸನೆ ಬಾರದೆ, ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಮಾತ್ರ ಗೊಬ್ಬರ ಮಾಗಿದೆಯೆಂದು ಅರ್ಥ. ಅಂದಿನಿಂದ ಜರಡಿ ಹಿಡಿಯದೆ ನಾನು ಗೊಬ್ಬರ ಹಾಕಿಲ್ಲ.

ಮುಂಗಾರು: ಬಳ್ಳಿಗಳ ಕಾಲ

ಕೃತ್ತಿಕೆ, ರೋಹಿಣಿ ಮಳೆಗಳ ನಡುವೆ ಸೋರೆ, ಹೀರೆ, ಹಾಗಲ, ಪಡವಲ, ಕುಂಬಳಗಳ ಬೀಜ ಊರಬೇಕು. ಹಾಗಲ, ಪಡವಲಗಳ ಸಿಪ್ಪೆ ಗಟ್ಟಿಯಾದ್ದರಿಂದ ರಾತ್ರಿಯಿಡೀ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೂತಿ ಬಿರಿದ ಮೇಲೆ ಊರಿದರೆ ಹುಸಿಯಾಗುವುದಿಲ್ಲ. ಗುಣಿಗೆ ಮೂರು ಬೀಜ ಊರಿ, ನಾಲ್ಕು ಎಲೆ ಬಂದ ಮೇಲೆ ಒಂದನ್ನೇ ಉಳಿಸಿಕೊಳ್ಳಬೇಕು. ಉಳಿದೆರಡನ್ನು ಕೀಳಲು ಮನಸ್ಸು ಬಾರದೆ ಮೂರನ್ನೂ ಬಿಟ್ಟವರಿಗೆ ಒಂದು ಬಳ್ಳಿಯ ಕಾಯಿಯೂ ನೆಟ್ಟಗೆ ಸಿಗುವುದಿಲ್ಲ. ಚಪ್ಪರವನ್ನು ಬೀಜ ಊರುವ ದಿನವೇ ಹಾಕಿ. ಕುಡಿ ನೆಲದಲ್ಲಿ ಹರಿದಾಡಿದ ಮೇಲೆ ಅದನ್ನು ಮೇಲೆತ್ತಿ ಕಟ್ಟುವಾಗ ಮುರಿಯುವುದೇ ಹೆಚ್ಚು.

ಬಳ್ಳಿ ಹಬ್ಬಿ ಹೂ ಬಿಟ್ಟರೂ ಕಾಯಿ ನಿಲ್ಲುವುದಿಲ್ಲವೆಂಬ ದೂರು ಮಹಡಿ ತೋಟದವರಿಂದ ಪದೇಪದೇ ಬರುತ್ತದೆ. ಈ ಬಳ್ಳಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆಬೇರೆ. ಮೊದಲ ಒಂದೆರಡು ವಾರ ಬರುವುದು ಬಹುತೇಕ ಗಂಡು ಹೂಗಳೇ, ಅವು ಉದುರುವುದು ಸಹಜ. ಹೆಣ್ಣು ಹೂವಿನ ಬುಡದಲ್ಲಿ ಎಳೆಗಾಯಿಯ ಆಕಾರದ ಉಬ್ಬು ಇರುತ್ತದೆ. ಜೇನ್ನೊಣ ಬಾರದ ಕಡೆ ಪರಾಗಸ್ಪರ್ಶವನ್ನು ನಾವೇ ಮಾಡಬೇಕು, ಮಾಡುವಾಗ ಹೊತ್ತು ನೋಡಿಕೊಳ್ಳಬೇಕು. ಕುಂಬಳ, ಹಾಗಲ ಅರಳುವುದು ಬೆಳಗಿನ ಹೊತ್ತು. ಹೀರೆ, ಸೋರೆ ಅರಳುವುದು ಸಂಜೆ. ಆಗಷ್ಟೇ ಅರಳಿದ ಗಂಡು ಹೂವನ್ನು ಕಿತ್ತು, ದಳಗಳನ್ನು ಬಿಡಿಸಿ, ಪರಾಗದ ದಂಡೆಯನ್ನು ಹೆಣ್ಣು ಹೂವಿನ ನಡುವಿನ ಶಲಾಕೆಯ ತುದಿಗೆ ಮೆಲ್ಲಗೆ ಸವರಿದರೆ ಸಾಕು. ಬೆಳಗಿನ ಕಾಫಿ ಮುಗಿಸಿ ಮಹಡಿ ಹತ್ತಿ ಸೋರೆಯ ಬಾಡಿದ ಹೂವಿಗೆ ಕುಂಚ ಆಡಿಸಿದರೆ ಫಲವಿಲ್ಲ. ಎಳೆಗಾಯಿ ಬಾಗಿ, ಕೊಳೆತು ಉದುರಿದರೆ ಅದು ಹಣ್ಣುನೊಣದ ಕೆಲಸವಾಗಿರಬಹುದು. ಕಾಯಿ ನಿಂತ ಮೂರನೆಯ ದಿನವೇ ಕಾಗದದ ಚೀಲ ಕಟ್ಟುವುದು ಮನೆಯ ಮಟ್ಟಿಗೆ ಎಲ್ಲ ಔಷಧಿಗಿಂತ ಒಳ್ಳೆಯದು.

ಬೆಂಡೆಗೆ ಇದೇ ಕಾಲ. ಬಿತ್ತಿದ 45 ದಿನಕ್ಕೆ ಕಾಯಿ ಶುರುವಾಗುತ್ತದೆ, ಆಮೇಲೆ ಒಂದು ದಿನ ಬಿಟ್ಟು ಒಂದು ದಿನ ಕೊಯ್ಯಲೇಬೇಕು. ಎಲೆ ಹಳದಿ ಬಲೆಯಾಗುವ ರೋಗಕ್ಕೆ ಮದ್ದಿಲ್ಲ, ತಡೆದುಕೊಳ್ಳುವ ತಳಿಯನ್ನು ಆರಿಸುವುದೇ ದಾರಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಅನಾಮಿಕಾ ಇದಕ್ಕೆಂದೇ ಬಂದ ತಳಿ. ಟೊಮೆಟೊದಲ್ಲಿ ಅದೇ ಸಂಸ್ಥೆಯ ಅರ್ಕ ರಕ್ಷಕ್ ಎಲೆಮುದುರು, ದುಂಡಾಣು ಸೊರಗು, ಎಲೆಚುಕ್ಕೆಯ ಅಂಗಮಾರಿ ಮೂರನ್ನೂ ತಡೆಯುತ್ತದೆ; ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ಇಟ್ಟುಕೊಂಡು ಪ್ರಯೋಜನವಿಲ್ಲ. ಟೊಮೆಟೊ ಸಸಿ 25 ದಿನಕ್ಕೆ, ಬದನೆ 30ರಿಂದ 35 ದಿನಕ್ಕೆ, ಮೆಣಸಿನ ಸಸಿ 40 ದಿನಕ್ಕೆ ನಾಟಿಗೆ ಬರುತ್ತದೆ. ಜೂನ್ ನಡುವೆ ನೆಡಬೇಕಾದ ಮೆಣಸಿನ ಸಸಿಯನ್ನು ಮೇ ಮೊದಲ ವಾರಕ್ಕೇ ಸಸಿಮಡಿಯಲ್ಲಿ ಚೆಲ್ಲಬೇಕೆಂಬುದು ಇದರಿಂದಲೇ ತಿಳಿಯುತ್ತದೆ. ನಾಟಿಯನ್ನು ಇಳಿಹೊತ್ತಿನಲ್ಲಿ ಮಾಡಿ, ಟೊಮೆಟೊ ಸಸಿಯನ್ನು ಮೊದಲ ಎಲೆಯವರೆಗೆ ಆಳವಾಗಿ ಊರಬಹುದು, ಏಕೆಂದರೆ ಅದರ ಕಾಂಡದಿಂದಲೂ ಬೇರು ಬರುತ್ತದೆ.

ಮಳೆ ಹಿಡಿದ ಮೇಲೆ ರಾತ್ರಿ ಟಾರ್ಚ್ ಹಿಡಿದು ಹಿತ್ತಲಿಗೆ ಹೋಗುವ ಅಭ್ಯಾಸ ಮಾಡಿಕೊಳ್ಳಬೇಕು. ಆಫ್ರಿಕಾದ ದೊಡ್ಡ ಶಂಖುಹುಳು ಈಗ ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಮನೆ ಮಾಡಿದೆ. ಒಂದೇ ರಾತ್ರಿಗೆ ಸಸಿಮಡಿಯನ್ನು ಬೋಳಿಸುತ್ತದೆ. ಸಂಜೆ ಒದ್ದೆ ಗೋಣಿಯ ಕೆಳಗೆ ಪರಂಗಿ ಎಲೆ, ಎಲೆಕೋಸಿನ ಸಿಪ್ಪೆ ಹರಡಿಟ್ಟರೆ ಬೆಳಗಾಗುವಷ್ಟರಲ್ಲಿ ಅವೆಲ್ಲ ಅಲ್ಲಿ ಸೇರಿರುತ್ತವೆ. ಕೈಗವಸು ಹಾಕಿ ಆರಿಸಿ, ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಉಪ್ಪನ್ನು ಮಡಿಯ ಮೇಲೆಯೇ ಎರಚುವವರು ಹುಳುವಿನ ಜೊತೆ ಮಣ್ಣನ್ನೂ ಕೊಲ್ಲುತ್ತಾರೆ.

ಹಬ್ಬದ ಹೂಗಳ ಲೆಕ್ಕ

ಹೂವಿನ ತೋಟದಲ್ಲಿ ದಿನಗಳನ್ನು ಹಬ್ಬದಿಂದ ಹಿಂದಕ್ಕೆ ಎಣಿಸಬೇಕು. ಆಯುಧಪೂಜೆಗೆ ಮನೆಯ ಚೆಂಡುಹೂ ಬೇಕೆಂದರೆ ಜುಲೈ ಮೊದಲ ಪಕ್ಷದಲ್ಲಿ ಬೀಜ ಚೆಲ್ಲಿ, 25 ದಿನಕ್ಕೆ ನಾಟಿ ಮಾಡಿ, ನಾಟಿಯಾದ ಮೂರನೆಯ ವಾರ ತುದಿಕುಡಿ ಚಿವುಟಬೇಕು. ಚಿವುಟಿದರೆ ಮೊದಲ ಹೂ ಹತ್ತು ದಿನ ತಡವಾದರೂ ಕವಲು ಹೆಚ್ಚಿ ಹೂವಿನ ಸಂಖ್ಯೆ ಬಹಳ ಹೆಚ್ಚುತ್ತದೆ. ಮುಂದಿನ ವರ್ಷ ಟೊಮೆಟೊ ಹಾಕುವ ಮಡಿಯಲ್ಲೇ ಚೆಂಡುಹೂ ಬೆಳೆದರೆ ಅದರ ಬೇರು ಜಂತುಹುಳುವನ್ನು ತಗ್ಗಿಸುವ ಲಾಭವೂ ಇದೆ.

ಸೇವಂತಿಗೆಯ ಲೆಕ್ಕ ಇನ್ನೂ ಸೂಕ್ಷ್ಮವಾದುದು. ಹಗಲು ಕಿರಿದಾಗುವವರೆಗೆ ಅದು ಮೊಗ್ಗು ಕಟ್ಟುವುದಿಲ್ಲ. ಹಳೆಯ ಗಿಡದ ಬುಡದಲ್ಲಿ ಬಂದ ಬೇರುಸಹಿತ ಮರಿಗಳನ್ನು ಜೂನ್, ಜುಲೈಯಲ್ಲಿ ಬಿಡಿಸಿ ನೆಟ್ಟು, ತಿಂಗಳಿಗೊಮ್ಮೆಯಂತೆ ಒಟ್ಟು ಎರಡು ಸಲ ಕುಡಿ ಚಿವುಟಿ, ಆಗಸ್ಟ್ ಕೊನೆಯ ಮೇಲೆ ಕೈ ಮುಟ್ಟದೆ ಬಿಟ್ಟರೆ, ದೀಪಾವಳಿಯಿಂದ ಸಂಕ್ರಾಂತಿಯ ಹತ್ತಿರದವರೆಗೂ ಹೂ ಕೊಡುತ್ತದೆ. ಬೀದಿದೀಪದ ಬೆಳಕು ರಾತ್ರಿಯಿಡೀ ಬೀಳುವ ಜಾಗದಲ್ಲಿಟ್ಟ ಸೇವಂತಿಗೆ ಸೊಂಪಾಗಿ ಎಲೆ ಬಿಟ್ಟು ಮೊಗ್ಗೇ ಬಿಡದಿರುವುದಕ್ಕೆ ಕಾರಣವೂ ಇದೇ: ಗಿಡಕ್ಕೆ ಇನ್ನೂ ಹಗಲು ಮುಗಿದಿಲ್ಲ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರೈತರು ಹೊಲದಲ್ಲಿ ರಾತ್ರಿ ಬಲ್ಬು ಉರಿಸುವುದು ಇದೇ ಗುಣವನ್ನು ಬಳಸಿಕೊಂಡು ಹೂವನ್ನು ಬೇಕಾದ ದಿನಕ್ಕೆ ತಳ್ಳುವುದಕ್ಕಾಗಿ. ಕುಂಡದಲ್ಲಿರುವ ಗಿಡವನ್ನು ದೀಪದ ಮರೆಗೆ ಸರಿಸಿದರೆ ಮನೆಯವರ ಸಮಸ್ಯೆ ಮುಗಿಯಿತು.

ಮಲೆನಾಡಿನ ಮನೆಗಳಲ್ಲಿ ಈ ಹೊತ್ತಿಗೆ ಡೇರೆ ಹೂವಿನ, ಅಂದರೆ ಡೇಲಿಯಾದ, ಸಂಭ್ರಮ. ಮಳೆಯ ಆರಂಭದಲ್ಲಿ ಗಡ್ಡೆ ನೆಟ್ಟು, ಬಿದಿರಿನ ಊರುಗೋಲು ಕೊಟ್ಟು, ಬಣ್ಣಗಳನ್ನು ನೆಂಟರಿಷ್ಟರ ನಡುವೆ ಹಂಚಿಕೊಳ್ಳುವ ಆ ಶ್ರದ್ಧೆ ಬಯಲುಸೀಮೆಯಲ್ಲಿ ನಾನು ಕಂಡಿಲ್ಲ. ಲಾಲ್‌ಬಾಗಿನಲ್ಲಿ ಆಗಸ್ಟ್ ಮತ್ತು ಜನವರಿಯಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನ ನೋಡಿ ಬಂದ ಉತ್ಸಾಹದಲ್ಲಿ ಹೂ ಬಿಟ್ಟಿರುವ ಕುಂಡಗಳನ್ನು ಕೊಳ್ಳುವವರಿಗೆ ಒಂದು ಮಾತು: ತುಂಬು ಹೂವಿನ ಗಿಡ ತನ್ನ ಆಯುಸ್ಸಿನ ಕೊನೆಯ ಭಾಗದಲ್ಲಿರಬಹುದು. ಮೊಗ್ಗಿರುವ, ಗಿಡ್ಡನೆಯ, ಕುಂಡದ ತಳದ ತೂತಿನಿಂದ ಬೇರು ಹೊರಬಾರದ ಗಿಡವನ್ನೇ ಆರಿಸಿ.

ಅವರೆ ಕಲಿಸಿದ ಪಾಠ

ಕೈತೋಟದ ಮೊದಲ ವರ್ಷ ಮಾರ್ಚ್‌ನಲ್ಲಿ ನಾನು ಅವರೆ ಬಿತ್ತಿದೆ. ಬಳ್ಳಿ ಗೋಡೆ ಹತ್ತಿತು, ಮಹಡಿ ಏರಿತು, ಪಕ್ಕದ ಮನೆಯ ಬಟ್ಟೆ ಒಣಗಿಸುವ ತಂತಿಯನ್ನೂ ಹಿಡಿಯಿತು. ಏಳು ತಿಂಗಳು ಒಂದು ಹೂ ಬಿಡಲಿಲ್ಲ. ಕಿತ್ತು ಹಾಕುವ ಹಂತದಲ್ಲಿ ಊರಿನಿಂದ ಬಂದ ಸೋದರಮಾವ ಬಳ್ಳಿಯನ್ನು ನೋಡಿ, ಹಸ್ತ ಚಿತ್ತೆ (ಅಕ್ಟೋಬರ್ ಮೂರನೆಯ ವಾರದವರೆಗಿನ ಮಳೆಗಳು) ಕಳೆಯಲಿ ಎಂದಷ್ಟೇ ಹೇಳಿದರು. ಚಳಿ ಬಿದ್ದದ್ದೇ ತಡ, ಬಳ್ಳಿ ಬಿಳಿ ಹೂಗಳಿಂದ ತುಂಬಿತು. ನಾಟಿ ಅವರೆಯೂ ಸೇವಂತಿಗೆಯಂತೆ ಕಿರುಹಗಲಿನ ಬೆಳೆ. ರಾಗಿಯ ಜೊತೆ ಅಕ್ಕಡಿ ಸಾಲಿನಲ್ಲಿ, ಅಂದರೆ ನಡುನಡುವೆ ಬಿಡುವ ಮಿಶ್ರಬೆಳೆಯ ಸಾಲಿನಲ್ಲಿ, ರೈತರು ಅದನ್ನು ಜುಲೈ, ಆಗಸ್ಟ್‌ನಲ್ಲಿ ಹಾಕುವುದು ಸುಮ್ಮನೆ ಅಲ್ಲ. ಮೊದಲು ಬಿತ್ತಿದರೆ ಬರೀ ಸೊಪ್ಪು, ಆಗ ಬಿತ್ತಿದರೆ ಡಿಸೆಂಬರ್, ಜನವರಿಗೆ ಸೊಗಡಿನ ಕಾಯಿ. ಕಾಲಕ್ಕೆ ಕಟ್ಟುಬೀಳದ ಗಿಡ್ಡ ತಳಿಗಳಾದ ಅರ್ಕ ಜಯ, ಅರ್ಕ ವಿಜಯ ಈಗ ಇವೆ, ಕುಂಡಕ್ಕೂ ಹೊಂದುತ್ತವೆ. ಆದರೂ ಇಬ್ಬನಿ ಬಿದ್ದ ನಾಟಿ ಅವರೆಯ ಘಮಲು ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಹಿಂಗಾರಿನಿಂದ ಸಂಕ್ರಾಂತಿಯವರೆಗೆ

ವರ್ಷದ ಅತ್ಯುತ್ತಮ ತರಕಾರಿ ಕಾಲ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಸದಾಗಿ ತೋಟ ಆರಂಭಿಸುವವರು ಜೂನ್‌ನ ಬದಲು ಅಕ್ಟೋಬರ್‌ನಲ್ಲಿ ಆರಂಭಿಸಿದರೆ ಮೊದಲ ಸೋಲಿನ ನೋವಿಲ್ಲದೆ ಮುಂದುವರಿಯಬಹುದು. ಎಲೆಕೋಸು, ಹೂಕೋಸಿನ ಸಸಿಗಳನ್ನು ಉತ್ತರೆ ಮಳೆಯಲ್ಲಿ, ಅಂದರೆ ಸೆಪ್ಟೆಂಬರ್ ನಡುವೆ, ಮೇಲೊಂದು ಮರೆ ಕಟ್ಟಿ ಚೆಲ್ಲಿ, ನಾಲ್ಕು ವಾರಕ್ಕೆ ನಾಟಿ ಮಾಡಬೇಕು. ಕ್ಯಾರೆಟ್, ಬೀಟ್‌ರೂಟ್, ಮೂಲಂಗಿಗಳನ್ನು ಎಂದೂ ಸಸಿ ಮಾಡಿ ನೆಡಬಾರದು. ಬಿತ್ತಿದ ಜಾಗದಲ್ಲೇ ಬಿಟ್ಟು, ಎರಡು ಬೆರಳಿನ ಅಂತರಕ್ಕೆ ತೆಳ್ಳಗಾಗಿಸಬೇಕು. ಮೂಲಂಗಿ 40ರಿಂದ 45 ದಿನ, ಕ್ಯಾರೆಟ್ 80ರಿಂದ 90 ದಿನ ತೆಗೆದುಕೊಳ್ಳುತ್ತದೆ. ಹುರುಳಿಕಾಯಿಗೆ ಗಿಡ್ಡ ತಳಿ ಅರ್ಕ ಕೋಮಲ್ ಸಾಕು, ಚಪ್ಪರ ಬೇಡ.

ಸೊಪ್ಪಿನ ಮಡಿಯನ್ನು ಒಂದೇ ದಿನ ಪೂರ್ತಿ ಬಿತ್ತುವುದು ಎಲ್ಲರೂ ಮಾಡುವ ತಪ್ಪು. ದಂಟು, ಮೆಂತ್ಯ 25ರಿಂದ 30 ದಿನಕ್ಕೆ ಕೊಯ್ಲಿಗೆ ಬರುವುದರಿಂದ ಮಡಿಯನ್ನು ನಾಲ್ಕು ಭಾಗ ಮಾಡಿ ವಾರಕ್ಕೊಂದು ಭಾಗ ಬಿತ್ತಿದರೆ ವರ್ಷವಿಡೀ ಸಾರಿಗೆ ಸೊಪ್ಪು ಇರುತ್ತದೆ. ಕೊತ್ತಂಬರಿ ಕಾಳನ್ನು ಮರದ ಹಲಗೆಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ನೆನೆಸಿ ಬಿತ್ತಬೇಕು, ಒಂದೊಂದು ಹೋಳಿನಲ್ಲಿ ಒಂದೊಂದು ಬೀಜವಿದೆ. ಬೇಸಿಗೆಯಲ್ಲಿ ಅದು ಸೊಪ್ಪಾಗುವ ಮುನ್ನವೇ ಹೂವಿಗೆ ಹೋಗುತ್ತದೆ, ಅದಕ್ಕೆ ಚಳಿಯೇ ಸರಿ. ಬಿತ್ತಿದ ಕೂಡಲೇ ಸಾಲಿನ ಸುತ್ತ ಬೂದಿ, ಅರಿಶಿನದ ಗೆರೆ ಎಳೆಯಿರಿ. ಇಲ್ಲದಿದ್ದರೆ ಇರುವೆಗಳು ದಂಟಿನ ಬೀಜವನ್ನು ಹೊತ್ತುಕೊಂಡು ಹೋಗುತ್ತವೆ.

ಈ ಕಾಲದ ಮೇಲುಗೊಬ್ಬರಕ್ಕೆ ಜೀವಾಮೃತ ಮನೆಯಲ್ಲೇ ಆಗುತ್ತದೆ. 20 ಲೀಟರ್ ನೀರಿಗೆ ಒಂದು ಕಿಲೋ ನಾಟಿ ಹಸುವಿನ ಸಗಣಿ, ಅರ್ಧದಿಂದ ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆ ಅಥವಾ ಹುರುಳಿ ಹಿಟ್ಟು, ಮರದ ಬುಡದ ಒಂದು ಹಿಡಿ ಮಣ್ಣು ಸೇರಿಸಿ, ನೆರಳಿನಲ್ಲಿಟ್ಟು, ದಿನಕ್ಕೆರಡು ಬಾರಿ ಕೋಲಿನಿಂದ ತಿರುಗಿಸಿ, 48 ಗಂಟೆಯ ಮೇಲೆ ಹತ್ತು ಪಾಲು ನೀರು ಬೆರೆಸಿ ಒದ್ದೆ ಮಣ್ಣಿಗೆ ಹಾಕಬೇಕು. ವಾರದೊಳಗೆ ಮುಗಿಸಿ. ಇದು ಗೊಬ್ಬರದ ಬದಲಿಯಲ್ಲ, ಗೊಬ್ಬರವಿರುವ ಮಣ್ಣಿನಲ್ಲಿ ಮಾತ್ರ ಕೆಲಸ ಮಾಡುತ್ತದೆ ಎಂಬುದು ನನ್ನ ಅನುಭವ.

ಹುಳರೋಗಗಳ ವಿಷಯದಲ್ಲಿ ಎಲೆಯ ಕೆಳಭಾಗವನ್ನು ವಾರಕ್ಕೆರಡು ಸಲ ತಿರುಗಿಸಿ ನೋಡುವುದೇ ಮುಖ್ಯ. ಹೇನು, ಬಿಳಿನೊಣ, ಹಿಟ್ಟುತಿಗಣೆಗಳಿಗೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನ ದ್ರಾವಣದೊಂದಿಗೆ ಕದಡಿ, ಸಂಜೆ ಸಿಂಪಡಿಸಬೇಕು. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಡಿಸೆಂಬರ್‌ನ ಇಬ್ಬನಿಗೆ ಬಟಾಣಿ, ಕುಂಬಳದ ಎಲೆಗಳ ಮೇಲೆ ಬೂದಿರೋಗ ಬಂದರೆ ಹುಳಿ ಮಜ್ಜಿಗೆಯನ್ನು ಹತ್ತು ಪಾಲು ನೀರಿನಲ್ಲಿ ಬೆರೆಸಿ ಆರಂಭದಲ್ಲೇ ಹೊಡೆದರೆ ತಡೆಯಬಹುದು. ಟೊಮೆಟೊ ಕಾಯಿಯ ತಳ ಕಪ್ಪಾಗಿ ಕುಗ್ಗುವುದು ರೋಗವಲ್ಲ. ಒಂದು ದಿನ ಒಣಗಿಸಿ ಮರುದಿನ ಮುಳುಗಿಸುವಂಥ ನೀರಿನ ಏರುಪೇರಿನಿಂದ ಕಾಯಿಗೆ ಸುಣ್ಣದ ಅಂಶ ತಲುಪದೆ ಹಾಗಾಗುತ್ತದೆ. ಅದಕ್ಕೆ ಮೊಟ್ಟೆ ಸಿಪ್ಪೆಗಿಂತ ಮೊದಲು ಬೇಕಾದುದು ಹೊದಿಕೆ ಮತ್ತು ಒಂದೇ ಸಮನೆಯ ನೀರು.

ಗುಲಾಬಿಯನ್ನು ಮಳೆ ಹಿಂಜರಿದ ಅಕ್ಟೋಬರ್‌ನಲ್ಲಿ ಸವರಬೇಕು. ಹೊರಮುಖದ ಕಣ್ಣಿನಿಂದ ಕಾಲು ಅಂಗುಲ ಮೇಲೆ, ಓರೆಯಾಗಿ, ಹರಿತವಾದ ಕತ್ತರಿಯಿಂದ ಕತ್ತರಿಸಿದರೆ ಸುಮಾರು 45 ದಿನಕ್ಕೆ ಹೂ. ಮಲ್ಲಿಗೆಗೆ ಡಿಸೆಂಬರ್‌ನಲ್ಲಿ ನೀರು ನಿಲ್ಲಿಸಿ, ಎಲೆ ಉದುರುವಂತೆ ಮಾಡಿ, ಕೊನೆಯಲ್ಲಿ ನೆಲದಿಂದ ಒಂದೂವರೆ ಅಡಿಗೆ ಸವರಿ, ಬುಡ ಬಿಡಿಸಿ ಗೊಬ್ಬರ ಕೊಟ್ಟು ಆಮೇಲೆ ನೀರು ಹರಿಸಬೇಕು. ಮನೆಯ ಹೆಂಗಸರು ಇದಕ್ಕೆ ಒಪ್ಪುವುದು ಕಷ್ಟ. ನಮ್ಮ ತಾಯಿಯವರು ಮೊದಲ ವರ್ಷ ಆ ಬೋಳು ಗಿಡವನ್ನು ನೋಡಿ ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದರು. ಮಾರ್ಚ್‌ನಲ್ಲಿ ಬೊಗಸೆ ಬೊಗಸೆ ಮೊಗ್ಗು ಬಂದ ಮೇಲೆ ಕತ್ತರಿಯನ್ನು ಅವರೇ ತೆಗೆದಿಟ್ಟುಕೊಳ್ಳತೊಡಗಿದರು.

ಬೇಸಿಗೆ: ಉಳಿಸಿಕೊಳ್ಳುವ ಕಾಲ

ಫೆಬ್ರವರಿ ಕಳೆದ ಮೇಲೆ ಬಸಳೆ, ಅಲಸಂದೆ, ಸೌತೆ, ದಂಟು ಬಿಟ್ಟರೆ ಹೊಸ ಬಿತ್ತನೆ ಬೇಡ. ಮಡಿಗಳ ಮೇಲೆ ಎರಡು ಮೂರು ಅಂಗುಲ ದಪ್ಪ ತರಗೆಲೆ ಅಥವಾ ರಾಗಿ ಹುಲ್ಲಿನ ಹೊದಿಕೆ ಹಾಕಿ, ಕಾಂಡಕ್ಕೆ ತಾಗದಂತೆ ಬಿಡಿ. ಬೆಳಗ್ಗೆ ಏಳರೊಳಗೆ ಬುಡಕ್ಕೆ ನೀರು ಕೊಡಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ತೇವ ತಗುಲಿದರೆ ಆ ದಿನ ನೀರು ಬೇಡ. ನಾಲ್ಕಾರು ದಿನ ಊರಿಗೆ ಹೋಗುವವರು ಬಾಯಿ ಕಿರಿದಾದ ಮಣ್ಣಿನ ಗಡಿಗೆಯನ್ನು ಗಿಡಗಳ ನಡುವೆ ಕತ್ತಿನವರೆಗೆ ಹೂತು, ನೀರು ತುಂಬಿ ಮುಚ್ಚಿಟ್ಟರೆ ಅದು ಜಿನುಗುತ್ತಾ ಬೇರಿಗೆ ತಂಪು ಕೊಡುತ್ತದೆ. ಅಕ್ಕಿ ತೊಳೆದ ನೀರು ಗಿಡಕ್ಕೆ ಹಾಕಬಹುದು, ಬಟ್ಟೆ ತೊಳೆದ ಸೋಪಿನ ನೀರು ತರಕಾರಿಗೆ ಬೇಡ. ಬೋರ್‌ವೆಲ್ ನೀರಿನಿಂದ ಕುಂಡದ ಮೇಲೆ ಬಿಳಿ ಉಪ್ಪು ಕಟ್ಟಿದ್ದರೆ ಮೇಲಿನ ಒಂದು ಅಂಗುಲ ಮಣ್ಣನ್ನು ಕೆರೆದು ತೆಗೆದು ಹೊಸ ಗೊಬ್ಬರ ಹಾಕಿ.

ಬೀಜ ಎತ್ತಿಡುವ ಕೆಲಸವೂ ಈ ಬಿಸಿಲಿನಲ್ಲೇ ಆಗಬೇಕು. ಸಾಲಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದ ಬಳ್ಳಿಯ ಎರಡನೆಯ ಅಥವಾ ಮೂರನೆಯ ಕಾಯಿಯನ್ನು ಅಡುಗೆಗೆ ಕೀಳದೆ, ದಾರ ಕಟ್ಟಿ ಗುರುತು ಮಾಡಿ, ಬಳ್ಳಿಯಲ್ಲೇ ಒಣಗಲು ಬಿಡಿ. ಒಣಗಿದ ಸೋರೆ, ಹೀರೆಗಳನ್ನು ಅಲುಗಿಸಿದಾಗ ಒಳಗೆ ಬೀಜ ಸದ್ದು ಮಾಡಬೇಕು. ಟೊಮೆಟೊ ಬೀಜವನ್ನು ಅದರ ಲೋಳೆಯ ಜೊತೆಗೇ ಎರಡು ದಿನ ಲೋಟದಲ್ಲಿ ಹುಳಿಯಲು ಬಿಟ್ಟು, ತೊಳೆದು, ತಟ್ಟೆಯಲ್ಲಿ ಒಣಗಿಸಿ. ಎಲ್ಲವನ್ನೂ ಮೂರು ದಿನ ಎಳೆಬಿಸಿಲಿನಲ್ಲಿ ಆರಿಸಿ, ಅವರೆ, ಅಲಸಂದೆಗಳಿಗೆ ಒಲೆಯ ಬೂದಿ ಬೆರೆಸಿ, ಗಾಜಿನ ಸೀಸೆಗೆ ತುಂಬಿ, ಮೇಲೆ ತಳಿಯ ಹೆಸರು, ಕೊಯ್ದ ತಿಂಗಳು, ಜೊತೆಗೆ ಅದನ್ನು ಮತ್ತೆ ಬಿತ್ತಬೇಕಾದ ಮಳೆಯ ಹೆಸರು ಬರೆದು ಅಂಟಿಸಿ. ಸೀಸೆಗಳನ್ನು ಕಪಾಟಿನಲ್ಲಿ ಕೃತ್ತಿಕೆಯಿಂದ ಸ್ವಾತಿಯವರೆಗೆ ಅದೇ ಸಾಲಿನಲ್ಲಿ ಜೋಡಿಸಿಟ್ಟರೆ, ಮುಂದೆ ಯಾವುದನ್ನು ತೆಗೆಯಬೇಕೆಂದು ಹುಡುಕಬೇಕಾಗಿಲ್ಲ.